ಫೋಟೊ ಇಲ್ಲದ ಕೈಮಡಕ್ಕೆ ಹಿರಿಯರು ಬರುವರೇ?

ಪ್ರಶ್ನೆ: ಗಿಟಾರ್ ಕಲಿಯುತ್ತಿರುವ ನನ್ನ ಹನ್ನೊಂದು ವರ್ಷದ ಮಗ ‘ಕೋಕೋ’ ಎಂಬ ಅನಿಮೇಷನ್ ಚಿತ್ರವನ್ನು ನೋಡಿದ್ದಾನೆ. ಮೊನ್ನೆ ನಮ್ಮ ಕೊಡವ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ, ಹಿರಿಯರ ಗುಡಿಯಾದ ಕೈಮಡದಲ್ಲಿ ಕಾರೋಣರಿಗೆ (ಗತಿಸಿದ ಹಿರಿಯರಿಗೆ) ಎಡೆ ಇಡುವಾಗ, “ನಮ್ಮ ಕೈಮಡದಲ್ಲಿ ಯಾರ ಫೋಟೊವೂ ಇಲ್ಲವಲ್ಲ, ಅಜ್ಜಂದಿರು ಹೇಗೆ ಬರುತ್ತಾರೆ?” ಎಂದು ಕೇಳಿದ. ಚಿತ್ರದಲ್ಲಿರುವುದು ಮೆಕ್ಸಿಕೋದವರ ನಂಬಿಕೆಯೋ, ಬರಿಯ ಕಲ್ಪನೆಯೋ?
– ಒಬ್ಬ ತಾಯಿ, ವಿರಾಜಪೇಟೆ

ಉತ್ತರ: 2017ರಲ್ಲಿ ತೆರೆಕಂಡ ಆ ಚಿತ್ರದಲ್ಲಿ ಎರಡೂ ಬೆರೆತಿವೆ. ನವೆಂಬರ್ 1 ಮತ್ತು 2ರಂದು ಸತ್ತವರು ಮನೆಗೆ ಬರುತ್ತಾರೆಂದು ನಂಬಿ, ಅವರ ಫೋಟೊ ಇಟ್ಟು, ಮೇಣದಬತ್ತಿ ಹಚ್ಚಿ, ಅವರಿಗೆ ಇಷ್ಟವಾಗಿದ್ದ ಊಟವನ್ನೂ ಮದ್ಯವನ್ನೂ ಬಡಿಸುವ ಪದ್ಧತಿ ಮೆಕ್ಸಿಕೋದಲ್ಲಿ ನಿಜವಾಗಿಯೂ ಇದೆ; ಯುನೆಸ್ಕೋ ಅದನ್ನು 2008ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ದಾರಿ ತೋರಲೆಂದು ಅವರು ಚೆಲ್ಲುವುದು ಚೆಂಡುಹೂವಿನ ದಳಗಳನ್ನು. (ನಾವು ಆಯುಧಪೂಜೆಯಂದು ಜೀಪಿಗೆ ಕಟ್ಟುವ ಆ ಹೂವಿನ ತವರೂ ಮೆಕ್ಸಿಕೋವೇ.) ಚಿತ್ರದಲ್ಲಿ ಬರುವ ಕೂದಲಿಲ್ಲದ ನಾಯಿಯ ಹಿಂದೆಯೂ ಹಳೆಯ ನಂಬಿಕೆಯಿದೆ: ಸತ್ತವರನ್ನು ನಾಯಿಯೊಂದು ಹೊಳೆ ದಾಟಿಸುತ್ತದೆಂದು ಮೆಕ್ಸಿಕೋದ ಪ್ರಾಚೀನ ಅಜ್ಟೆಕ್ ಜನರು ತಿಳಿದಿದ್ದರು. ಆದರೆ ಚಿತ್ರದಲ್ಲಿ ಕಾಣುವ ಬಣ್ಣಬಣ್ಣದ ರೆಕ್ಕೆಯ ಮೃಗಗಳಿಗೂ ಪರಲೋಕಕ್ಕೂ ಮೊದಲು ಸಂಬಂಧವಿರಲಿಲ್ಲ; ಅವು ಮೆಕ್ಸಿಕೋ ನಗರದ ಪೆಡ್ರೋ ಲಿನಾರೆಸ್ ಎಂಬ ಕಾಗದದ ಕುಶಲಕರ್ಮಿ 1936ರ ಸುಮಾರಿಗೆ ರೂಪಿಸತೊಡಗಿದ ಆಕೃತಿಗಳು. ಪರಲೋಕದಿಂದ ಬರುವ ಸೇತುವೆಯ ಬಳಿ, ಸತ್ತವರ ಫೋಟೊ ಮನೆಯಲ್ಲಿ ಇಟ್ಟಿದ್ದಾರೆಯೇ ಎಂದು ಪಾಸ್‌ಪೋರ್ಟ್ ನೋಡುವಂತೆ ತಪಾಸಣೆ ಮಾಡುವ ಕಚೇರಿಯಂತೂ ಪೂರ್ತಿ ಸಿನಿಮಾದವರದೇ ಸೃಷ್ಟಿ.

ಇನ್ನು ನಿಮ್ಮ ಮಗನ ಪ್ರಶ್ನೆ. ಕೊಡವ ಪದ್ಧತಿಯಲ್ಲಿ ಎಡೆಯು ಇಡೀ ಒಕ್ಕದ (ಕುಲದ) ಹಿರಿಯರಿಗೆ ಸಲ್ಲುವುದೇ ಹೊರತು ಫೋಟೊ ಉಳಿದವರಿಗೆ ಮಾತ್ರವಲ್ಲ. ಒಕ್ಕದ ಮೂಲಪುರುಷನಾದ ಗುರುಕಾರೋಣನ ಕಾಲದಲ್ಲಿ ಕ್ಯಾಮೆರಾವಾದರೂ ಎಲ್ಲಿತ್ತು? ದೀಪ ಹಚ್ಚಿ, ಅಕ್ಕಿ ಹಾಕಿ, ಹಿರಿಯರನ್ನು ನೆನೆದು ಕರೆಯುತ್ತೇವೆ. ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತಾ ಹಾಡುವವರು ಹಳಬರ ಕಥೆಗಳನ್ನು ಹಾಡಿನಲ್ಲೇ ಉಳಿಸಿಕೊಂಡು ಬಂದಿದ್ದಾರೆ.

ಅಷ್ಟೇಕೆ, ಆ ಚಿತ್ರವೂ ಕೊನೆಗೆ ಹೇಳುವುದು ಇದನ್ನೇ ಎಂದು ನನಗೆ ತೋರುತ್ತದೆ. ಸಂಗೀತವನ್ನೇ ನಿಷೇಧಿಸಿದ ಚಮ್ಮಾರರ ಮನೆಯ ಹುಡುಗ ಮಿಗೆಲ್, ಪ್ರಖ್ಯಾತ ಗಾಯಕನೊಬ್ಬನನ್ನು ತನ್ನ ಪೂರ್ವಜನೆಂದು ನಂಬಿ ಪರಲೋಕದಲ್ಲಿ ಅಲೆದು, ತನ್ನ ಮುತ್ತಜ್ಜಿಯ ತಂದೆ ಯಾರಿಗೂ ಬೇಡವಾಗಿದ್ದ ಎಕ್ಟರ್ ಎಂದು ಅರಿಯುತ್ತಾನೆ. ಎಕ್ಟರ್‌ನ ಮುಖವನ್ನು ಮನೆಯ ಫೋಟೊದಿಂದ ಎಂದೋ ಹರಿದುಹಾಕಲಾಗಿತ್ತು. ಮಿಗೆಲ್ ಹಿಂದಿರುಗಿ ಮುತ್ತಜ್ಜಿಯ ಎದುರು ಆತನ ಹಾಡನ್ನು ಹಾಡಿದ ಮೇಲೆಯೇ ಆಕೆಗೆ ತಂದೆಯ ನೆನಪು ಮರಳುತ್ತದೆ, ತೆಗೆದಿಟ್ಟಿದ್ದ ಆ ಹರಿದ ಚೂರು ಹೊರಬರುತ್ತದೆ. ಹಾಡು ಮೊದಲು, ಫೋಟೊ ಆಮೇಲೆ. ಆ ದೃಶ್ಯವನ್ನು ಮಗನ ಜೊತೆ ಕುಳಿತು ಇನ್ನೊಮ್ಮೆ ನೋಡಿ. ಮುಂದಿನ ಸಲ ಐನ್‌ಮನೆಗೆ ಹೋದಾಗ ಅವನನ್ನು ದುಡಿ ಬಾರಿಸುವವರ ಪಕ್ಕದಲ್ಲೇ ಕೂರಿಸಿ.