ಎಳೆಯ ಮಗುವಿರುವ ತಾಯಿ ಪಾಲಿಕೆ ಚುನಾವಣೆಗೆ ನಿಲ್ಲಬಹುದೇ: ಪ್ರತಿಕ್ರಿಯೆ

ಎರಡು ವರ್ಷದ ಕೂಸಿರುವ ನಿಮ್ಮ ಅಕ್ಕ ಹುಬ್ಬಳ್ಳಿ-ಧಾರವಾಡ ಪಾಲಿಕೆಗೆ ಈಗಲೇ ಸ್ಪರ್ಧಿಸಬೇಕೇ, ಮಗು ಶಾಲೆಗೆ ಹೋಗುವವರೆಗೆ ಕಾಯಬೇಕೇ ಎಂದು ಕೇಳಿದ್ದೀರಿ. ಕಾಯುವುದು ಬೇಡ ಎಂಬುದು ನನ್ನ ಅಭಿಪ್ರಾಯ.

ಪುರುಷ ಅಭ್ಯರ್ಥಿಯ ಕರಪತ್ರದಲ್ಲಿ ಮಕ್ಕಳ ಫೋಟೋ ಇದ್ದರೆ ಅದು ಸಂಸಾರಸ್ಥನೆಂಬ ಪ್ರಮಾಣಪತ್ರವಾಗುತ್ತದೆ. ಅದೇ ಫೋಟೋ ಮಹಿಳೆಯ ಕರಪತ್ರದಲ್ಲಿದ್ದರೆ, ಮನೆಯಲ್ಲಿ ಕೂಸನ್ನು ಯಾರು ನೋಡುತ್ತಾರೆ ಎಂಬ ಪ್ರಶ್ನೆ ಏಳುತ್ತದೆ. ಆದರೂ ನಿಜವಾದ ಪೆಟ್ಟು ಬೀಳುವುದು ಮತಗಳಿಗಿಂತ ಹೆಚ್ಚಾಗಿ ಸಮಯಕ್ಕೆ. ಗದಗ ಸೀಮೆಯ ಒಂದು ಪಂಚಾಯಿತಿ ಸಭೆಯಲ್ಲಿ ನಾನು ಕಂಡಂತೆ, ಸದಸ್ಯೆಯೊಬ್ಬರು ಮಗುವಿಗೆ ಹಾಲೂಡಿಸಲು ಪಕ್ಕದ ಅಂಗನವಾಡಿಗೆ ಹೋಗಿ ಬರುವಷ್ಟರಲ್ಲಿ ನೀರಿನ ಪೈಪಿನ ಠರಾವು ಮುಗಿದಿತ್ತು, ಅವರ ಕುರ್ಚಿಯಲ್ಲಿ ಗಂಡ ಕುಳಿತಿದ್ದರು. (ಯಾರೂ ಅವರನ್ನು ಎಬ್ಬಿಸಲಿಲ್ಲ.)

ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಬಂದ 26 ವಾರಗಳ ರಜೆ ಉದ್ಯೋಗಿಗಳಿಗಾಗಿ ಇರುವಂಥದ್ದು. ಚುನಾಯಿತ ಸದಸ್ಯೆ ಯಾರ ಉದ್ಯೋಗಿಯೂ ಅಲ್ಲ. 2018ರಲ್ಲಿ ನ್ಯೂಜಿಲೆಂಡ್ ಪ್ರಧಾನಿ ಜೆಸಿಂಡಾ ಆರ್ಡರ್ನ್ ಅಧಿಕಾರದಲ್ಲಿದ್ದಾಗಲೇ ಹೆತ್ತು, ಆರು ವಾರಗಳ ನಂತರ ಕೆಲಸಕ್ಕೆ ಮರಳಿದ್ದನ್ನು ಎಲ್ಲರೂ ಹೇಳುತ್ತಾರೆ. ಅವರ ಸಂಗಾತಿ ಮನೆಯಲ್ಲಿದ್ದು ಮಗುವನ್ನು ನೋಡಿಕೊಂಡ ಸಂಗತಿಯನ್ನು ಹೇಳುವವರು ಕಡಿಮೆ.

ಆದ್ದರಿಂದ ಟಿಕೆಟ್ ಕೇಳುವ ಮೊದಲೇ, ಸಂಜೆಯ ವಾರ್ಡ್ ಸಭೆಗಳ ಹೊತ್ತಿಗೆ ಮಗು ಯಾರ ಬಳಿ ಇರುತ್ತದೆ ಎಂಬುದನ್ನು ನಿಮ್ಮ ಭಾವನವರೊಡನೆ ಇತ್ಯರ್ಥ ಮಾಡಿಕೊಳ್ಳಲಿ. ವಾರ್ಡ್ ಮೀಸಲಾತಿ ಸರದಿಯಂತೆ ಬದಲಾಗುವುದರಿಂದ, ಈಗ ಮಹಿಳೆಗೆ ಮೀಸಲಾಗಿರುವ ವಾರ್ಡು ಮುಂದಿನ ಸಲವೂ ಹಾಗೆಯೇ ಉಳಿಯುತ್ತದೆಂದು ನಂಬಿ ಕೂರುವಂತಿಲ್ಲ.