ಊರಿಗೆ ವಾಪಸ್ ಬರುವವರ ಲೆಕ್ಕ: ಕಾಂಟ್ರಾಕ್ಟೋ, ಪರ್ಮನೆಂಟೋ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ, ಕೇಳಿದವರ ಹೆಸರು ಮಾತ್ರ ಬೇರೆ. ಅಪ್ಪನಿಗೆ ಹುಷಾರಿಲ್ಲ, ಅಮ್ಮ ಒಬ್ಬರೇ, ಬೆಂಗಳೂರು ಬಿಟ್ಟು ಹಾಸನಕ್ಕೋ ಚಿಕ್ಕಮಗಳೂರಿಗೋ ಬರಬೇಕು. ಕಾಂಟ್ರಾಕ್ಟ್ ಕೆಲಸ ಸಿಕ್ಕಿದೆ, ಕೈಗೆ ಜಾಸ್ತಿ ಬರುತ್ತೆ, ಒಪ್ಪಿಕೊಳ್ಳಲಾ? ಹಾಸನದ ನನ್ನ ಆಫೀಸಿಗೆ ಬಂದು ಕೂರುವವರೂ ಇದನ್ನೇ ಕೇಳುತ್ತಾರೆ. ಆಫರ್ ಲೆಟರಿನ ಮೊದಲ ಪುಟ ತೋರಿಸುತ್ತಾರೆ. ಮಿಕ್ಕ ಪುಟಗಳನ್ನು ಅವರೂ ಓದಿರುವುದಿಲ್ಲ. ಹಾಗಾಗಿ ಒಂದು ಪತ್ರಕ್ಕೇ ಹೆಚ್ಚು ಜಾಗ ಕೊಡುತ್ತಿದ್ದೇನೆ. ಸಿಟಿಸಿ ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ಟಿಡಿಎಸ್ ಅಂದರೆ ಹಣ ಕೊಡುವವರೇ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ಅದಕ್ಕಿಂತ ಹೆಚ್ಚು ಇಲ್ಲಿ ಹೇಳಿಕೊಡಲ್ಲ.

ಪ್ರಶ್ನೆ: ನನಗೆ 38 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಸಿಟಿಸಿ 15 ಲಕ್ಷ. ಆಲೂರಿನ ಹತ್ತಿರದ ಊರಲ್ಲಿ ಅಪ್ಪನಿಗೆ ಸ್ಟ್ರೋಕ್ ಆಗಿದೆ, ನೋಡಿಕೊಳ್ಳಲು ಅಮ್ಮ ಒಬ್ಬರೇ. ನಮ್ಮ ಕಂಪನಿ ವಾರಕ್ಕೆ ಮೂರು ದಿನ ಆಫೀಸಿಗೆ ಬರಲೇಬೇಕು ಅನ್ನುತ್ತಿದೆ. ಇನ್ನೊಂದು ಕಂಪನಿ ಮನೆಯಿಂದಲೇ ಕೆಲಸ ಮಾಡಲು ತಿಂಗಳಿಗೆ ಒಂದೂವರೆ ಲಕ್ಷದ ಕಾಂಟ್ರಾಕ್ಟ್ ಕೊಡುತ್ತಿದೆ. ಕೆಲಸ ಮಾಡಿದ ದಿನಕ್ಕೆ ಮಾತ್ರ ಹಣ. ವರ್ಷಕ್ಕೆ 3 ಲಕ್ಷ ಜಾಸ್ತಿ ಅಲ್ವಾ? ಹೆಂಡತಿ, ಒಂದು ಮಗು ಇದ್ದಾರೆ.

ನೀವು ಎರಡು ಪುಟ ಬರೆದಿದ್ದೀರಿ. ನನಗೆ ಬೇಕಾದ ಒಂದು ವಿಷಯ ಅದರಲ್ಲಿ ಇಲ್ಲ. ಅಪ್ಪ ನಿಮ್ಮ ಕಂಪನಿಯ ಹೆಲ್ತ್ ಇನ್ಶೂರೆನ್ಸಿನಲ್ಲಿ ಇದ್ದಾರಾ? ಇದ್ದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ರಾಜೀನಾಮೆ ಕೊಟ್ಟು ಕೊನೆಯ ದಿನ ಮುಗಿಯಿತು ಅಂದರೆ ಆ ಕಾರ್ಡೂ ಮುಗಿಯಿತು. ಸ್ಟ್ರೋಕ್ ಆದವರಿಗೆ ಹೊಸದಾಗಿ ಪಾಲಿಸಿ ಕೇಳಿದರೆ ಇನ್ಶೂರೆನ್ಸ್ ಕಂಪನಿ ಇಲ್ಲ ಅನ್ನಬಹುದು. ಕೊಟ್ಟರೂ ಮೊದಲೇ ಇದ್ದ ಕಾಯಿಲೆಗೆ 3 ವರ್ಷದವರೆಗೆ ಕ್ಲೇಮ್ ಸಿಗದಂತೆ ಷರತ್ತು ಹಾಕಬಹುದು. ಮೊದಲು 4 ವರ್ಷ ಇತ್ತು, 2024ರಲ್ಲಿ 3ಕ್ಕೆ ಇಳಿಸಿದರು. ಆ ಮೂರು ವರ್ಷದಲ್ಲಿ ಅಪ್ಪನನ್ನು ಇನ್ನೊಮ್ಮೆ ಐಸಿಯುಗೆ ಸೇರಿಸಬೇಕಾಗಿ ಬಂದರೆ ಬಿಲ್ ಪೂರ್ತಿ ನಿಮ್ಮ ಜೇಬಿನಿಂದಲೇ.

ಇನ್ನು ನಿಮ್ಮ 3 ಲಕ್ಷದ ಲೆಕ್ಕ. ತಿಂಗಳಿಗೆ 22 ಕೆಲಸದ ದಿನ ಅಂತ ಹಿಡಿದರೆ ನಿಮ್ಮ ಒಂದು ದಿನದ ಬೆಲೆ ಸುಮಾರು 6,800 ರೂಪಾಯಿ. ಪರ್ಮನೆಂಟಿನಲ್ಲಿ ಹಬ್ಬದ ರಜೆ, ಗಳಿಕೆ ರಜೆ, ಕಾಯಿಲೆ ರಜೆ ಎಲ್ಲ ಸೇರಿ ವರ್ಷಕ್ಕೆ 40 ದಿನ ಸಂಬಳದ ರಜೆ ಇದೆ ಅಂದುಕೊಳ್ಳಿ. ನಿಮ್ಮ ಮನೆ ಪರಿಸ್ಥಿತಿಯಲ್ಲಿ ಅಷ್ಟೂ ಖರ್ಚಾಗುತ್ತೆ. ಕಾಂಟ್ರಾಕ್ಟಿನಲ್ಲಿ ಆ 40 ದಿನದ ಬೆಲೆ 2 ಲಕ್ಷ 72 ಸಾವಿರ. ದಸರಾ, ದೀಪಾವಳಿ, ಅಪ್ಪನ ಫಿಸಿಯೋಥೆರಪಿ, ಆಸ್ಪತ್ರೆಯ ಓಪಿಡಿ ಸಾಲಲ್ಲಿ ಕಳೆದ ಬೆಳಗು, ಎಲ್ಲಕ್ಕೂ ಮೀಟರ್ ಓಡುತ್ತೆ.

ಕಾಂಟ್ರಾಕ್ಟಿಗೆ ಒಂದು ನಿಜವಾದ ಲಾಭ ಇದೆ, ಅದನ್ನು ಮುಚ್ಚಿಡಲ್ಲ. ತಾಂತ್ರಿಕ ಸಲಹೆ ಕೊಡುವ ವೃತ್ತಿಪರರು ವರ್ಷದ ಗಳಿಕೆ 50 ಲಕ್ಷದ ಒಳಗಿದ್ದರೆ ಅದರಲ್ಲಿ ಅರ್ಧವನ್ನೇ ಆದಾಯ ಅಂತ ತೋರಿಸಬಹುದು. ಲೆಕ್ಕದ ಪುಸ್ತಕ ಇಡಬೇಕಿಲ್ಲ. ನಗದು ವ್ಯವಹಾರ ಶೇ 5 ಮೀರದಿದ್ದರೆ ಮಿತಿ 75 ಲಕ್ಷ. ನಿಮ್ಮ 18 ಲಕ್ಷದಲ್ಲಿ 9 ಲಕ್ಷ ಆದಾಯ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ. ಅಂದರೆ ನಿಮಗೆ ಸೊನ್ನೆ. ಈಗಿನ 15 ಲಕ್ಷದ ಸಿಟಿಸಿಯಲ್ಲಿ ಅರ್ಧ ಬೇಸಿಕ್ (ಮೂಲ ವೇತನ) ಅಂತ ಹಿಡಿದು, ಕಂಪನಿಯ ಪಿಎಫ್ ಪಾಲು ಮತ್ತು ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷ ನೋಡಿ ಕೊಡುವ ಹಣ) ಕಳೆದು, ಸಂಬಳದವರಿಗೆಲ್ಲ ಸಿಗುವ 75 ಸಾವಿರದ ತೆರಿಗೆ ವಿನಾಯಿತಿ (ಸ್ಟ್ಯಾಂಡರ್ಡ್ ಡಿಡಕ್ಷನ್) ಕೊಟ್ಟ ಮೇಲೆ ಸುಮಾರು 78 ಸಾವಿರ ತೆರಿಗೆ ಬೀಳುತ್ತೆ. ಅದು ಉಳಿಯುತ್ತೆ, ಸರಿ. ಆದರೆ ಕಾಂಟ್ರಾಕ್ಟಿನಲ್ಲಿ ತಿಂಗಳು ತಿಂಗಳೂ ಶೇ 10ರಷ್ಟು ಟಿಡಿಎಸ್ ಹಿಡಿಯುತ್ತಾರೆ. 15 ಸಾವಿರದ ಹಾಗೆ ವರ್ಷಕ್ಕೆ 1 ಲಕ್ಷ 80 ಸಾವಿರ. ರಿಟರ್ನ್ ಹಾಕಿ ರಿಫಂಡ್ ಬರುವವರೆಗೂ ಅದು ಸರ್ಕಾರದ ಹತ್ತಿರ.

ಈಗ ಕೂಡಿ ಕಳೆಯಿರಿ. 3 ಲಕ್ಷ, ಜೊತೆಗೆ 78 ಸಾವಿರ. ಅದರಲ್ಲಿ ರಜೆಯ 2 ಲಕ್ಷ 72 ಸಾವಿರ ತೆಗೆಯಿರಿ. ಮಿಕ್ಕಿದ್ದು ಸುಮಾರು ಒಂದು ಲಕ್ಷ. ಅದರಲ್ಲೇ ಐದು ಜನರ ಇನ್ಶೂರೆನ್ಸ್ ಕಟ್ಟಬೇಕು. ಒಂದು ಕಾಂಟ್ರಾಕ್ಟ್ ಮುಗಿದು ಇನ್ನೊಂದು ಸಿಗೋಕೆ ಒಂದೇ ತಿಂಗಳು ತಡವಾದರೂ ಒಂದೂವರೆ ಲಕ್ಷ ಹೋಯಿತು. ಎಲ್ಲಿದೆ ನಿಮ್ಮ 'ಜಾಸ್ತಿ'?

ಇನ್ನು ಕೊನೆಯ ಪುಟಗಳು. ನೀವು ಕಳಿಸಿದ ಪ್ರತಿಯಲ್ಲಿ ಎರಡು ಷರತ್ತಿಗೆ ಗುರುತು ಹಾಕಿದ್ದೇನೆ. ಒಂದು, ಅವರು 7 ದಿನದ ನೋಟಿಸ್ ಕೊಟ್ಟು ನಿಲ್ಲಿಸಬಹುದು, ಆದರೆ ನೀವು ಬಿಡಬೇಕಾದರೆ 30 ದಿನ. ಎರಡು, ಬಿಲ್ ಕೊಟ್ಟ 45 ದಿನದ ಮೇಲೆ ಹಣ. ಜೂನ್ 1ಕ್ಕೆ ಕೆಲಸ ಶುರು ಮಾಡಿದರೆ 30ಕ್ಕೆ ಬಿಲ್, ಮೊದಲ ಹಣ ಕೈಗೆ ಬರುವುದು ಆಗಸ್ಟ್ ಮಧ್ಯದಲ್ಲಿ. ಎರಡೂವರೆ ತಿಂಗಳು ಮನೆ ಖರ್ಚು, ಔಷಧಿ, ಹೋಮ್ ನರ್ಸ್ ಎಲ್ಲ ಉಳಿತಾಯದಿಂದಲೇ ನಡೆಯಬೇಕು. ಈ ಎರಡೂ ಷರತ್ತು ಮಾತಾಡಿ ಬದಲಾಯಿಸಿಕೊಳ್ಳಬಹುದು. ನೋಟಿಸ್ ಎರಡೂ ಕಡೆಗೆ 30 ದಿನ, ಹಣ 15 ದಿನಕ್ಕೆ ಅಂತ ಕೇಳಿ. ಇವತ್ತು ಕೇಳೋಕೆ ನಾಚಿಕೊಂಡರೆ ಆಮೇಲೆ ಯಾರೂ ಕೊಡಲ್ಲ.

ಇನ್ನೊಂದು. ನೀವು ಆಲೂರಿನ ಕಡೆ ಮಳೆಗಾಲ ಮರೆತಿದ್ದೀರಿ ಅನಿಸುತ್ತೆ. ಮರ ಬಿದ್ದು ಲೈನ್ ಹೋದರೆ ಕರೆಂಟ್ ಕಂಪನಿ ಸೆಸ್ಕ್‌ನವರು ಬರೋಕೆ ಅವರದ್ದೇ ಹೊತ್ತು ಬೇಕು. ಪರ್ಮನೆಂಟಿನಲ್ಲಿ ಮ್ಯಾನೇಜರಿಗೆ ಒಂದು ಮೆಸೇಜ್ ಹಾಕಿದರೆ ಆಯಿತು. ದಿನಗೂಲಿ ಲೆಕ್ಕದ ಕಾಂಟ್ರಾಕ್ಟಿನಲ್ಲಿ ಕರೆಂಟ್ ಇಲ್ಲದ ದಿನಕ್ಕೆ ದುಡ್ಡೂ ಇಲ್ಲ. ಹಾಸನ ಟೌನಿನಲ್ಲೇ ಬಾಡಿಗೆ ಮನೆ ಮಾಡಿ ಅಪ್ಪ ಅಮ್ಮನನ್ನು ಅಲ್ಲಿಗೇ ಕರೆದುಕೊಂಡು ಬನ್ನಿ. ಫಿಸಿಯೋಥೆರಪಿಯೂ ಹತ್ತಿರವಾಗುತ್ತೆ.

ಹಾಗಾದರೆ ಏನು ಮಾಡಬೇಕು? ಮೊದಲು ಈಗಿನ ಕಂಪನಿಗೆ ಬರವಣಿಗೆಯಲ್ಲಿ ಕೇಳಿ. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಲಗತ್ತಿಸಿ, ಆರು ತಿಂಗಳು ಮನೆಯಿಂದ ಕೆಲಸ, ವಾರಕ್ಕೆ ಒಂದು ದಿನ ಆಫೀಸು ಅಂತ. ಹಾಸನದಿಂದ ಬೆಂಗಳೂರಿಗೆ ಶ್ರವಣಬೆಳಗೊಳ, ಕುಣಿಗಲ್ ಮೇಲೆ 2017ರಿಂದ ರೈಲು ಓಡುತ್ತಿದೆ, ವಾರಕ್ಕೆ ಒಂದು ದಿನ ಕಷ್ಟವೇನಲ್ಲ. ಮೂರು ದಿನ ಅಂದರೆ ಆಗಲ್ಲ, ಅದು ನನಗೂ ಗೊತ್ತು. ಮ್ಯಾನೇಜರ್ ಬಾಯಲ್ಲಿ 'ನೋಡೋಣ' ಅಂದದ್ದು ಲೆಕ್ಕಕ್ಕಿಲ್ಲ, ಎಚ್‌ಆರ್ ಇಮೇಲ್ ಬೇಕು. ಅದೂ ಆಗದಿದ್ದರೆ ಹೊಸ ಕಂಪನಿಯವರನ್ನು ಕೇಳಿ: ಒಂದು ವರ್ಷದ ಅವಧಿಗೆ ನಿಮ್ಮದೇ ಪೇರೋಲಿನಲ್ಲಿ ತಗೋತೀರಾ? ನಿಗದಿತ ಅವಧಿಯ ನೌಕರನಾದರೆ ಪಿಎಫ್, ರಜೆ ಸಿಗುತ್ತೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಅಂಥವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ, ಐದು ವರ್ಷ ಕಾಯಬೇಕಿಲ್ಲ. ಇನ್ಶೂರೆನ್ಸಿಗೆ ಅಪ್ಪ ಅಮ್ಮನ ಹೆಸರು ಸೇರುತ್ತಾ ಅಂತಲೂ ಕೇಳಿ. ತಿಂಗಳಿಗೆ 20 ಸಾವಿರ ಕಡಿಮೆ ಕೊಟ್ಟರೂ ಇದನ್ನೇ ಒಪ್ಪಿಕೊಳ್ಳಿ.

ಎರಡೂ ಆಗಲಿಲ್ಲ ಅಂದರೆ ಮಾತ್ರ ಈ ಕಾಂಟ್ರಾಕ್ಟ್. ಆಗಲೂ ರಾಜೀನಾಮೆಗೆ ಮೊದಲೇ ಇನ್ಶೂರೆನ್ಸ್ ಕಂಪನಿಗೆ ಅರ್ಜಿ ಹಾಕಿ ಗುಂಪು ಪಾಲಿಸಿಯಿಂದ ಅದೇ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ನೋಡಿ. ಕಾಯುವ ಅವಧಿಯಲ್ಲಿ ಈಗಾಗಲೇ ಕಳೆದ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಬ್ಯಾಂಕಿನಲ್ಲಿ ಆರು ತಿಂಗಳ ಖರ್ಚು ಇರಲಿ. ನಾನಾಗಿದ್ದರೆ ಒಂದು ವರ್ಷದ್ದು ಇಡುತ್ತಿದ್ದೆ. ಅಂಜುಬುರುಕ ಅಂತ ಬೇಕಾದರೆ ಅನ್ನಿ.

ಪ್ರಶ್ನೆ: ಸಕಲೇಶಪುರದಲ್ಲಿ ನಮಗೆ ನಾಲ್ಕು ಎಕರೆ ಕಾಫಿ ತೋಟ ಇದೆ. ಕಾಂಟ್ರಾಕ್ಟ್ ಹಣವನ್ನೂ ತೋಟದ ಆದಾಯ ಅಂತ ತೋರಿಸಿದರೆ ತೆರಿಗೆ ಬರಲ್ಲ ಅಂತ ಏಜೆಂಟ್ ಒಬ್ಬರು ಹೇಳಿದರು. ಹೌದಾ?

ಆ ಏಜೆಂಟ್ ಹತ್ತಿರ ಇನ್ನೊಮ್ಮೆ ಹೋಗಬೇಡಿ. ನಿಮ್ಮ ಪಾನ್ ನಂಬರಿಗೆ ಕಂಪನಿ ಟಿಡಿಎಸ್ ಕಟ್ಟಿರುತ್ತೆ, ಅದು ಇಲಾಖೆಯ ಕಂಪ್ಯೂಟರಿನಲ್ಲಿ ನಿಮಗಿಂತ ಮೊದಲೇ ಕೂತಿರುತ್ತೆ. ನೋಟಿಸ್ ಬರುವುದು ನಿಮ್ಮ ಹೆಸರಿಗೆ. ಅಷ್ಟು ಹೊತ್ತಿಗೆ ಏಜೆಂಟ್ ಫೋನ್ ಸ್ವಿಚ್ಡ್ ಆಫ್. ತೋಟದ ಆದಾಯವೂ ಪೂರ್ತಿ ಮುಕ್ತ ಅಂತ ತಿಳಿಯಬೇಡಿ. ಚೆರಿ (ಕಾಫಿ ಹಣ್ಣು), ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ಒಣಗಿಸಿದ ಬೀಜ) ಹಾಗೇ ಮಾರಿದರೆ ಕೃಷಿ ಆದಾಯ. ನೀವೇ ಕ್ಯೂರಿಂಗ್ (ಹೊಟ್ಟು ತೆಗೆದು ಬೀಜ ಹಸನು ಮಾಡುವುದು) ಮಾಡಿಸಿ ಮಾರಿದರೆ ಲಾಭದ ಶೇ 25 ಭಾಗಕ್ಕೆ, ಹುರಿದು ಪುಡಿ ಮಾಡಿ ಮಾರಿದರೆ ಶೇ 40 ಭಾಗಕ್ಕೆ ತೆರಿಗೆ ಲೆಕ್ಕ. ಮಿಕ್ಕ ಕೃಷಿ ಆದಾಯಕ್ಕೆ ನೇರವಾಗಿ ತೆರಿಗೆ ಇಲ್ಲದಿದ್ದರೂ, 5,000 ರೂಪಾಯಿ ದಾಟಿದರೆ ಬೇರೆ ಆದಾಯದ ದರ ಲೆಕ್ಕ ಹಾಕುವಾಗ ಅದನ್ನೂ ಸೇರಿಸಿಕೊಳ್ಳುತ್ತಾರೆ.

ಪ್ರಶ್ನೆ: ಅತ್ತೆಯನ್ನು ನೋಡಿಕೊಳ್ಳಲು ಚಿಕ್ಕಮಗಳೂರಿಗೆ ಬಂದೆ. ಸರ್ಕಾರಿ ಕಚೇರಿಯಲ್ಲಿ ಹೊರಗುತ್ತಿಗೆ ಕೆಲಸ ಇದೆಯಂತೆ. ಈಗ ಸ್ವಲ್ಪ ದುಡ್ಡು ಕೊಟ್ಟರೆ ಮುಂದೆ ಪರ್ಮನೆಂಟ್ ಮಾಡಿಸುತ್ತಾರಂತೆ.

ಒಂದು ರೂಪಾಯಿಯೂ ಕೊಡಬೇಡಿ ತಾಯಿ. ತಾತ್ಕಾಲಿಕವಾಗಿ ಸೇರಿದವರಿಗೆ ಕಾಯಂ ಆಗುವ ಹಕ್ಕು ತಾನಾಗಿ ಬರಲ್ಲ ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಅದು ನಮ್ಮ ಕರ್ನಾಟಕದ್ದೇ ಉಮಾದೇವಿ ಪ್ರಕರಣ. ಸಂಬಳ ಸಾಕು ಅನಿಸಿದರೆ ಕೆಲಸಕ್ಕೆ ಸೇರಿ, ಪಿಎಫ್ ಕಟ್ಟುತ್ತಿದ್ದಾರಾ ಅಂತ ತಿಂಗಳು ತಿಂಗಳೂ ಪಾಸ್‌ಬುಕ್ ನೋಡಿ.

ಪ್ರಶ್ನೆ: ಕಾಂಟ್ರಾಕ್ಟಿಗೆ ಜಿಎಸ್‌ಟಿ ನಂಬರ್ ಮಾಡಿಸಲೇಬೇಕಾ?

ವರ್ಷಕ್ಕೆ 20 ಲಕ್ಷ ದಾಟದಿದ್ದರೆ ಬೇಡ.

ಪ್ರಶ್ನೆ: ಕೆಲಸ ಬಿಟ್ಟು ಬೇಲೂರಿಗೆ ಬಂದಿದ್ದೇನೆ, ನಾಲ್ಕು ವರ್ಷದ ಪಿಎಫ್ ತೆಗೆದು ಮನೆ ರಿಪೇರಿ ಮಾಡಿಸಲಾ?

ಬೇಡ. ಐದು ವರ್ಷ ತುಂಬುವ ಮೊದಲು ಹೀಗೆ ತೆಗೆದರೆ ತೆರಿಗೆ ಬೀಳುತ್ತೆ, ಪಿಂಚಣಿಗೆ ಬೇಕಾದ ಹತ್ತು ವರ್ಷದ ಲೆಕ್ಕಕ್ಕೂ ಪೆಟ್ಟು. ಮುಂದಿನ ಕೆಲಸ ಸಿಕ್ಕ ಮೇಲೆ ಹಳೆ ಖಾತೆಯನ್ನು ಅದೇ ಯುಎಎನ್‌ಗೆ (ಕೆಲಸ ಬದಲಾದರೂ ಬದಲಾಗದ ನಿಮ್ಮ ಪಿಎಫ್ ನಂಬರ್) ವರ್ಗ ಮಾಡಿಸಿ. ಹೆಂಚು ಸೋರುತ್ತಿದ್ದರೆ ಸದ್ಯಕ್ಕೆ ಸೋರುವ ಕಡೆ ಮಾತ್ರ ಬದಲಾಯಿಸಿ.

ಪ್ರಶ್ನೆ: ಕಾಂಟ್ರಾಕ್ಟಿನವರಿಗೆ ಮನೆ ಸಾಲ ಸಿಗುತ್ತಾ?

ಸಿಗುತ್ತೆ, ಆದರೆ ಬ್ಯಾಂಕಿನವರು ಎರಡು ಮೂರು ವರ್ಷದ ರಿಟರ್ನ್ ಕೇಳುತ್ತಾರೆ. ಅರ್ಧ ಆದಾಯ ತೋರಿಸಿ ತೆರಿಗೆ ಉಳಿಸಿದ್ದರೆ ಸಾಲವೂ ಆ ಅರ್ಧಕ್ಕೇ.