ಭಾನುವಾರದ ಫೋನು

ಸುಧಾ ಅನ್ನೋಣ. ಗುರುತು ಸಿಗಬಾರದೆಂದು ಹೆಸರು, ಕೆಲಸ ಎರಡನ್ನೂ ಬದಲಿಸಿದ್ದೇನೆ. ವಯಸ್ಸು 31, ಶಿರಸಿ ಕಡೆಯ ಅಡಿಕೆ ತೋಟದ ಮನೆಯವರು, ಕಾರವಾರದ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಾರೆ. ಆಪ್ತಸಲಹೆಗೆ ನನ್ನ ಹತ್ತಿರ ಬಂದದ್ದು ನಿದ್ದೆ ಬರುವುದಿಲ್ಲ ಅಂತ. ಎರಡನೇ ಭೇಟಿಯಲ್ಲಿ ಕುಡಿತದ ಮಾತು ಬಂತು, ಆಮೇಲೆ ಜೊತೆಗಿರುವ ಹುಡುಗಿಯದ್ದು. ಮನೆ ಓನರ್‌ಗೆ ಹೇಳಿದ್ದು, ಆಕೆ ತನ್ನ ದೊಡ್ಡಮ್ಮನ ಮಗಳು ಅಂತ. ನಿಜದಲ್ಲಿ ಐದು ವರ್ಷದ ಸಂಗಾತಿ.

ಕಾರವಾರದಂಥ ಊರಲ್ಲಿ ಹೆಂಗಸು ವೈನ್ ಶಾಪಿನ ಮುಂದೆ ನಿಂತರೆ ಸಂಜೆಯೊಳಗೆ ಸುದ್ದಿ. ಹಾಗಾಗಿ ರೈಲು ಹತ್ತಿ ಗೋವಾದ ಕಾಣಕೋಣಕ್ಕೆ ಹೋಗಿ ತರುತ್ತಿದ್ದರು. ಅಲ್ಲಿ ರೇಟೂ ಕಮ್ಮಿ. ಬಾಟಲಿ ಅಕ್ಕಿ ಡಬ್ಬದಲ್ಲಿ. ಮೊದಲು ವಾರಕ್ಕೊಮ್ಮೆ, ಈಗ ದಿನಾ ರಾತ್ರಿ ಒಂದು ಕ್ವಾರ್ಟರ್, ಅಂದರೆ 180 ಎಂಎಲ್. ಕೆಲವು ದಿನ ಅದರ ಎರಡರಷ್ಟು. ಒಮ್ಮೆ ಧೈರ್ಯ ಮಾಡಿ ಮದ್ಯವರ್ಜನ ಶಿಬಿರದಲ್ಲಿ ವಿಚಾರಿಸಲು ಹೋಗಿದ್ದರಂತೆ. ಅಲ್ಲಿದ್ದವರು ಫಾರಂ ತೆಗೆದು, "ಯಜಮಾನರ ಹೆಸರು?" ಅಂದರು. ಕುಡಿಯುವವರು ಇವರೇ ಇರಬಹುದು ಅಂತ ಅವರಿಗೆ ಹೊಳೆಯಲೇ ಇಲ್ಲ. "ಮತ್ತೆ ಬರ್ತೇನೆ" ಅಂದು ಸುಧಾ ಎದ್ದು ಬಂದರು.

ಒಬ್ಬ ವೈದ್ಯರಿಗೆ ಸಂಗಾತಿಯ ವಿಷಯವನ್ನೂ ಹೇಳಿದ್ದರು. "ಮದುವೆ ಆದ್ರೆ ಎರಡೂ ಬಿಟ್ಟುಹೋಗ್ತದೆ" ಅನ್ನುವ ಉತ್ತರ ಸಿಕ್ಕಿತು. ನನಗೆ ಸಿಟ್ಟು ಬಂದದ್ದು ಇದಕ್ಕೆ. ಸಲಿಂಗ ಪ್ರೀತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ರೋಗಗಳ ಪಟ್ಟಿಯಿಂದ ತೆಗೆದಿದೆ. ಅದನ್ನು 'ಸರಿಮಾಡುವ' ಚಿಕಿತ್ಸೆ ಕೊಡುವುದು ವೈದ್ಯರ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಚಿಕಿತ್ಸೆ ಬೇಕಿದ್ದದ್ದು ಕುಡಿತಕ್ಕೆ.

ಹಾಗಂತ ಎರಡಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಲೆಸ್ಬಿಯನ್ (ಹೆಂಗಸರನ್ನು ಪ್ರೀತಿಸುವ), ಬೈಸೆಕ್ಶುವಲ್ (ಗಂಡಸರನ್ನೂ ಹೆಂಗಸರನ್ನೂ ಪ್ರೀತಿಸುವ) ಹೆಂಗಸರಲ್ಲಿ ಕುಡಿತ, ಖಿನ್ನತೆ, ಆತಂಕ ಉಳಿದ ಹೆಂಗಸರಿಗಿಂತ ಜಾಸ್ತಿ ಎಂದು ಹೊರದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಬಚ್ಚಿಟ್ಟು ಬದುಕುವ ದಣಿವು, ಯಾರಿಗಾದರೂ ಗೊತ್ತಾದರೆ ಅನ್ನುವ ಭಯ ಅದರ ಹಿಂದಿರುತ್ತದೆ. ಸುಧಾಗೆ ಇದು ಎಲ್ಲಿ ತಾಗುತ್ತಿದೆ ಅಂತ ನೋಡಬೇಕಿತ್ತು. ಕುಡಿದ ದಿನ, ಅಳತೆ, ಅದಕ್ಕೆ ಮೊದಲು ಏನಾಯಿತು, ಮೂರನ್ನೂ ಬರೆದಿಡಿ ಅಂದೆ. ಗೆರೆ ಹೊಡೆದು ಕಾಲಂ ಮಾಡಿ ತಂದರು. ಜಾಸ್ತಿ ಕುಡಿದದ್ದೆಲ್ಲ ಭಾನುವಾರ. ಅದು ಆಯಿಯ (ಅಮ್ಮನ) ಫೋನು ಬರುವ ದಿನ. ಜಾತಕ ಬಂತು, ಹುಡುಗನ ಫೋಟೋ ಕಳಿಸಿದ್ದೇನೆ, ಅಪ್ಪಯ್ಯನಿಗೆ ನಿನ್ನದೇ ಚಿಂತೆ. ಅಷ್ಟು ಹೊತ್ತೂ ಸಂಗಾತಿ ಟೆರೇಸಿನಲ್ಲಿ.

"ನಾಳೆಯಿಂದಲೇ ಬಿಡ್ತೇನೆ ಮೇಡಂ" ಅಂದರು. ಬೇಡ ಅಂದೆ. ಬೆಳಿಗ್ಗೆ ಅವರ ಕೈ ನಡುಗುತ್ತಿತ್ತು. ಅಂಥವರು ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ಮನೋವೈದ್ಯರ ಹತ್ತಿರ ಕಳಿಸಿದೆ. ಅವರು ವಿಟಮಿನ್ ಬಿ1 ಮತ್ತು ಕೆಲವೇ ದಿನದ ಮಾತ್ರೆ ಕೊಟ್ಟು ಬಿಡಿಸಿದರು. ಹೋಗುವ ಮೊದಲು "ಅಲ್ಲಿ ಎಲ್ಲಾ ಹೇಳ್ಬೇಕಾ?" ಅನ್ನುವ ಪ್ರಶ್ನೆ ಬಂದಿತ್ತು. ಕುಡಿತದ್ದು ಒಂದೂ ಬಿಡದೆ ಹೇಳಿ, ಸಂಗಾತಿಯದ್ದು ನಿಮ್ಮಿಷ್ಟ ಅಂದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಲೈಂಗಿಕ ಒಲವು ನೋಡಿ ಭೇದ ಮಾಡುವಂತಿಲ್ಲ, ಹೇಳಿದ್ದನ್ನು ಗುಟ್ಟಾಗಿಡಬೇಕು. ಇದನ್ನು ತಿಳಿಸಿದ ಮೇಲೆ ಸ್ವಲ್ಪ ಧೈರ್ಯ ಬಂತು.

ಆಯಿಯ ಫೋನನ್ನು ಬೆಳಿಗ್ಗೆಗೆ ಬದಲಿಸಿ, ಮದುವೆ ಮಾತು ಬಂದರೆ "ಆಯಿ, ಅದು ಬಿಟ್ಟು ಬೇರೆ ಹೇಳು" ಅನ್ನಿ, ಫೋನಿಟ್ಟ ಮೇಲೆ ಮನೆಯಲ್ಲಿ ಕೂರದೆ ಇಬ್ಬರೂ ಠಾಗೋರ್ ಬೀಚಿಗೆ ನಡೆದುಬನ್ನಿ ಎಂದೆ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಇದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆಯಿಗೆ ಸಂಗಾತಿಯ ವಿಷಯ ಹೇಳಿಬಿಡಲಾ ಅಂತಲೂ ಕೇಳಿದರು. 2018ರಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧ ಅಪರಾಧವಲ್ಲ ಅಂದಿದ್ದು ನಿಜ, ಆದರೆ ಮನೆಯ ಜಗಲಿಯಲ್ಲಿ ಆ ತೀರ್ಪು ಓದಿ ಹೇಳೋಕಾಗುತ್ತಾ? ಕುಡಿದಾಗ ಹೇಳಬೇಡಿ, ಅವಸರವೂ ಬೇಡ, ಮೊದಲು ನಂಬಿಕೆಯ ಒಬ್ಬರಿಗೆ ಹೇಳಿ ನೋಡಿ ಅಂದೆ. ಅತ್ತಿಗೆಯ ಹೆಸರು ಅವರೇ ತೆಗೆದರು. ಇನ್ನೂ ಹೇಳಿಲ್ಲ.

ಕುಡಿತ ಈಗ ನಿಂತಿದೆ. ನಡುವೆ ಅಣ್ಣನ ಮಗನ ಉಪನಯನಕ್ಕೆ ಊರಿಗೆ ಹೋಗಿಬಂದ ರಾತ್ರಿ ಒಮ್ಮೆ ಜಾರಿದರು, ಅದನ್ನೂ ಕಾಲಂನಲ್ಲಿ ಬರೆದರು. ಮುಂದಿನ ಭೇಟಿಗೆ ಸಂಗಾತಿಯನ್ನೂ ಕರೆದಿದ್ದೇನೆ. ಇಷ್ಟು ದಿನ ಡಬ್ಬದ ಬಾಟಲಿ ಕಂಡೂ ಸುಮ್ನಿದ್ದವರು ಅವರು, ಅವರದ್ದೂ ಕೇಳಬೇಕು.